ಘನ ಹೀಲಿಯಂ ಹರಿಯಿತೇ?

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಿಜ್ಞಾನ ಗೋಷ್ಠಿಯಲ್ಲಿ ನಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಉಪನ್ಯಾಸದ ಪಠ್ಯ)



ಈ ಗೋಷ್ಠಿಯಲ್ಲಿ ಮಾತನಾಡಬೇಕೆಂದು ಸ್ವಾಗತ ಸಮಿತಿಯವರು ಕೇಳಿದಾಗ ನಾನು ಮೊದಲು ಹಿಂಜರಿದೆ. ನಾನು ಕನ್ನಡ ಸಾಹಿತ್ಯದಲ್ಲಿ ಎಂ.ಎ. ಮಾಡಿ, ಬಿ.ಎಡ್. ಮುಗಿಸಿ ಅಧ್ಯಾಪಕಿಯಾದವಳು. ವಿಜ್ಞಾನದಲ್ಲಿ ನನ್ನ ಓದು ಆಸಕ್ತಿಯಿಂದ ಬಂದದ್ದೇ ಹೊರತು ಪದವಿಯಿಂದ ಬಂದದ್ದಲ್ಲ. ಆದರೂ ಒಪ್ಪಿಕೊಂಡೆ. ಅದಕ್ಕೆ ಎರಡು ಕಾರಣಗಳಿವೆ. ಒಂದನ್ನು ಈಗಲೇ ಹೇಳುತ್ತೇನೆ. ಇನ್ನೊಂದನ್ನು ಮಾತಿನ ಕೊನೆಗೆ ಹೇಳುತ್ತೇನೆ.

ನಮ್ಮ ಶಾಲೆ ಆರಂಭವಾದದ್ದು 1926ರಲ್ಲಿ. ಆಗ ನಮ್ಮ ರಾಯದುರ್ಗ ತಾಲ್ಲೂಕು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1953ರಲ್ಲಿ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಊರು ಇದ್ದಲ್ಲೇ ಇತ್ತು, ಶಾಲೆ ಇದ್ದಲ್ಲೇ ಇತ್ತು, ಗಡಿ ಮಾತ್ರ ನಮ್ಮನ್ನು ದಾಟಿ ಹೋಯಿತು. ಇಲ್ಲಿ ಮೊದಲ ತರಗತಿಗಳು ನಡೆಯುತ್ತಿದ್ದ ಅದೇ 1926ನೇ ಇಸವಿಯಲ್ಲಿ, ಹಾಲೆಂಡ್ ದೇಶದ ಲೈಡನ್ ನಗರದ ಪ್ರಯೋಗಶಾಲೆಯಲ್ಲಿ ವಿಲೆಮ್ ಕೇಸೊಮ್ ಎಂಬ ವಿಜ್ಞಾನಿ ಹೀಲಿಯಂ ಅನ್ನು ಮೊಟ್ಟಮೊದಲ ಬಾರಿಗೆ ಘನರೂಪಕ್ಕೆ ತಂದರು. ಹಾಗಾಗಿ ಘನ ಹೀಲಿಯಂಗೂ ನಮ್ಮ ಶಾಲೆಗೂ ಒಂದೇ ವಯಸ್ಸು. ಈ ನೂರು ವರ್ಷದ ಗೆಳೆಯನ ಕಥೆಯನ್ನು ಹೇಳುವುದು ಇಂದಿನ ದಿನಕ್ಕೆ ಉಚಿತವೆಂದು ನನಗೆ ತೋರಿತು.

ಹೀಲಿಯಂ ಎಂದರೆ ನಮ್ಮ ಮಕ್ಕಳಿಗೆ ಜಾತ್ರೆಯಲ್ಲಿ ಮೇಲಕ್ಕೆ ಹಾರುವ ಬಲೂನು ನೆನಪಾಗುತ್ತದೆ. ಅದರ ಪರಿಚಯದ ಕಥೆಗೂ ನಮ್ಮ ಸೀಮೆಗೂ ಒಂದು ನಂಟಿದೆ. 1868ರ ಆಗಸ್ಟ್ 18ರಂದು ಈ ಭಾಗದಲ್ಲಿ ಖಗ್ರಾಸ ಸೂರ್ಯಗ್ರಹಣವಾಯಿತು. ಫ್ರಾನ್ಸಿನ ಖಗೋಳವಿಜ್ಞಾನಿ ಜಾನ್ಸೆನ್ ಅವರು ಅದನ್ನು ನೋಡಲೆಂದೇ ಗುಂಟೂರಿನಲ್ಲಿ ಬೀಡುಬಿಟ್ಟಿದ್ದರು. ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಅಂದು ಪರೀಕ್ಷಿಸಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಲಾಕಿಯರ್ ಅವರು ಅಂಥ ಬೆಳಕಿನಲ್ಲಿ, ಆಗ ತಿಳಿದಿದ್ದ ಯಾವ ಧಾತುವಿಗೂ ಹೊಂದದ ಒಂದು ಹಳದಿ ರೇಖೆಯನ್ನು ಗುರುತಿಸಿದರು. ಗ್ರೀಕ್ ಭಾಷೆಯಲ್ಲಿ ಸೂರ್ಯನಿಗೆ ಹೀಲಿಯೋಸ್ ಎಂಬ ಹೆಸರು. ಅದರಿಂದ ಹೊಸ ಧಾತುವಿಗೆ ಹೀಲಿಯಂ ಎಂಬ ಹೆಸರು ಬಂತು. ಭೂಮಿಯ ಮೇಲೆ ಅದು ವಿಲಿಯಂ ರಾಮ್ಸೆ ಅವರ ಕೈಗೆ ಸಿಕ್ಕಿದ್ದು 1895ರಲ್ಲಿ, ಯುರೇನಿಯಂ ಇರುವ ಒಂದು ಖನಿಜದೊಳಗೆ.

ಎಲ್ಲ ಅನಿಲಗಳನ್ನೂ ತಂಪುಮಾಡಿ ದ್ರವವಾಗಿಸಿದ ವಿಜ್ಞಾನಿಗಳಿಗೆ ಹೀಲಿಯಂ ಬಹುಕಾಲ ಮಣಿಯಲಿಲ್ಲ. 1908ರ ಜುಲೈ 10ರಂದು ಲೈಡನ್‌ನಲ್ಲಿ ಕಾಮರ್ಲಿಂಗ್ ಓನೆಸ್ ಅವರು ಅದನ್ನು ದ್ರವವಾಗಿಸಿದರು. ಅದು ದ್ರವವಾಗುವುದು ಸುಮಾರು 4.2 ಕೆಲ್ವಿನ್ ತಾಪದಲ್ಲಿ, ಅಂದರೆ ಶೂನ್ಯಕ್ಕಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ. ಮಕ್ಕಳು ಗಮನಿಸಬೇಕು: ಪ್ರಕೃತಿಯಲ್ಲಿ ತಂಪಿಗೆ ಒಂದು ತಳವಿದೆ. ಆ ತಳ ಶೂನ್ಯಕ್ಕಿಂತ 273.15 ಡಿಗ್ರಿ ಕೆಳಗಿದೆ. ಅದನ್ನು ನಿರಪೇಕ್ಷ ಶೂನ್ಯ ಎನ್ನುತ್ತೇವೆ. ಕೆಲ್ವಿನ್ ಮಾಪನದ ಎಣಿಕೆ ಅಲ್ಲಿಂದ ಆರಂಭವಾಗುತ್ತದೆ.

ಉಳಿದ ಪದಾರ್ಥಗಳನ್ನು ಸಾಕಷ್ಟು ತಂಪುಮಾಡಿದರೆ ಗಟ್ಟಿಯಾಗುತ್ತವೆ. ಹೀಲಿಯಂ ಹಾಗಲ್ಲ. ಸಾಮಾನ್ಯ ಒತ್ತಡದಲ್ಲಿ ಅದನ್ನು ನಿರಪೇಕ್ಷ ಶೂನ್ಯದ ಬಾಗಿಲವರೆಗೆ ತಂಪುಮಾಡಿದರೂ ದ್ರವವಾಗಿಯೇ ಉಳಿಯುತ್ತದೆ. ಅದರ ಪರಮಾಣುಗಳು ಹಗುರ. ಅವುಗಳ ನಡುವಣ ಸೆಳೆತವೂ ಬಹಳ ದುರ್ಬಲ. ಶಾಖವೆಲ್ಲ ತೆಗೆದ ಮೇಲೂ ಕ್ವಾಂಟಂ ನಿಯಮದಂತೆ ಅವುಗಳಲ್ಲಿ ಒಂದು ತುಯ್ದಾಟ ಉಳಿದೇ ಇರುತ್ತದೆ. ಆ ತುಯ್ದಾಟ ಅವುಗಳನ್ನು ಸಾಲಾಗಿ ಕೂರಲು ಬಿಡುವುದಿಲ್ಲ. ಹೊರಗಿನಿಂದ ಸುಮಾರು 25 ವಾತಾವರಣಗಳಷ್ಟು ಒತ್ತಡ ಹೇರಿದಾಗ ಮಾತ್ರ ಅವು ಸ್ಫಟಿಕವಾಗಿ ನಿಲ್ಲುತ್ತವೆ. 1926ರಲ್ಲಿ ಕೇಸೊಮ್ ಮಾಡಿದ್ದು ಇದನ್ನೇ.

ಈ ಮಾತನ್ನು ದಯವಿಟ್ಟು ನೆನಪಿಡಿ. ಕೊನೆಗೆ ನಾನು ಇಲ್ಲಿಗೇ ಮರಳಿ ಬರಬೇಕಾಗಿದೆ.

ಇನ್ನೊಂದು ವಿಸ್ಮಯ 1938ರಲ್ಲಿ ಬೆಳಕಿಗೆ ಬಂತು. ಮಾಸ್ಕೋದಲ್ಲಿ ಕಪಿಟ್ಸ, ಕೇಂಬ್ರಿಜ್‌ನಲ್ಲಿ ಅಲೆನ್ ಮತ್ತು ಮೈಸ್ನರ್ ಅವರು ಬೇರೆಬೇರೆಯಾಗಿ ಪ್ರಯೋಗ ನಡೆಸಿ, ದ್ರವ ಹೀಲಿಯಂ 2.17 ಕೆಲ್ವಿನ್‌ಗಿಂತ ಕೆಳಗೆ ಹೋದಾಗ ಅದರ ಸ್ನಿಗ್ಧತೆ ಮಾಯವಾದಂತೆ ವರ್ತಿಸುತ್ತದೆಂದು ತೋರಿಸಿದರು. ಜೇನುತುಪ್ಪ ನಿಧಾನವಾಗಿ ಹರಿಯುತ್ತದೆ, ನೀರು ಬೇಗ ಹರಿಯುತ್ತದೆ. ಆದರೆ ನೀರಿಗೂ ಪಾತ್ರೆಯ ಗೋಡೆಯೊಂದಿಗೆ ತಿಕ್ಕಾಟವಿದೆ. ಈ ಹೀಲಿಯಂಗೆ ಅಂಥ ತಡೆಯಿಲ್ಲ. ಕಣ್ಣಿಗೆ ಕಾಣದ ಸಂದಿನಲ್ಲೂ ನುಸುಳಿ ಹೋಗುತ್ತದೆ. ಲೋಟದಲ್ಲಿಟ್ಟರೆ ತೆಳ್ಳನೆಯ ಪದರವಾಗಿ ಗೋಡೆ ಹತ್ತಿ ಹೊರಗಿಳಿದು ತೊಟ್ಟಿಕ್ಕುತ್ತದೆ. ಇದನ್ನು ಇಂಗ್ಲಿಷಿನಲ್ಲಿ ಸೂಪರ್‌ಫ್ಲೂಯಿಡ್ ಎನ್ನುತ್ತಾರೆ, ನಾವು ಅತಿದ್ರವ ಎನ್ನೋಣ. ಇದರ ಹಿಂದೆ ನಮ್ಮ ಸತ್ಯೇಂದ್ರನಾಥ ಬೋಸರ ಚಿಂತನೆಯೂ ಇದೆ. ಅವರು 1924ರಲ್ಲಿ ಢಾಕಾದಿಂದ ಐನ್‌ಸ್ಟೈನ್ ಅವರಿಗೆ ಕಳಿಸಿದ ಲೇಖನದಿಂದ ಹುಟ್ಟಿದ ಸಿದ್ಧಾಂತದಂತೆ, ಒಂದು ಬಗೆಯ ಕಣಗಳು ಅತಿ ತಂಪಿನಲ್ಲಿ ಒಂದೇ ಸ್ಥಿತಿಗೆ ಇಳಿದು ಒಗ್ಗಟ್ಟಾಗಿ ನಡೆದುಕೊಳ್ಳುತ್ತವೆ. ಸಾಮಾನ್ಯ ಹೀಲಿಯಂನ, ಅಂದರೆ ಹೀಲಿಯಂ–4ರ, ಪರಮಾಣುಗಳು ಆ ಬಗೆಯವು.

ದ್ರವವು ತಡೆಯಿಲ್ಲದೆ ಹರಿಯುವುದು ಸರಿ. ಘನವಸ್ತುವೂ ಹಾಗೆ ಹರಿಯಬಲ್ಲುದೇ? ಇದು ಕೇಳುವುದಕ್ಕೇ ವಿಚಿತ್ರವಾದ ಪ್ರಶ್ನೆ. ಪ್ರತಿ ಪರಮಾಣುವಿಗೂ ತನ್ನ ಸ್ಥಾನ ಇರುವುದೇ ಘನದ ಲಕ್ಷಣ. ಆದರೂ 1969ರಲ್ಲಿ ರಷ್ಯಾದ ಆಂಡ್ರೀವ್ ಮತ್ತು ಲಿಫ್ಷಿಟ್ಸ್, 1970ರಲ್ಲಿ ಅಮೆರಿಕದ ಚೆಸ್ಟರ್ ಅವರು, ಘನ ಹೀಲಿಯಂನಲ್ಲಿ ಇದು ಸಾಧ್ಯವಾಗಬಹುದೆಂದು ಬರೆದರು. ಸ್ಫಟಿಕದ ಸಾಲುಗಳಲ್ಲಿ ಕೆಲವು ಸ್ಥಾನಗಳು ಖಾಲಿಯಿದ್ದರೆ, ಆ ಖಾಲಿ ಸ್ಥಾನಗಳೇ ಅತಿದ್ರವದಂತೆ ಸಂಚರಿಸಬಹುದೆಂಬುದು ಅವರ ತರ್ಕ. 1970ರಲ್ಲೇ ಆಂಟನಿ ಲೆಗೆಟ್ ಅವರು ಇದನ್ನು ಪರೀಕ್ಷಿಸುವ ದಾರಿಯನ್ನೂ ಸೂಚಿಸಿದರು: ಘನ ಹೀಲಿಯಂ ತುಂಬಿದ ಪಾತ್ರೆಯನ್ನು ತಿರುಗಿಸಿ ನೋಡಿ ಎಂದರು.

ತಿರುಗಿಸುವುದೇಕೆ? ಒಂದು ಕೊಡವನ್ನು ಹಗ್ಗಕ್ಕೆ ಕಟ್ಟಿ ತೂಗುಬಿಡಿ. ಕೊಡವನ್ನು ಸ್ವಲ್ಪ ತಿರುಚಿ ಬಿಟ್ಟರೆ ಅದು ಅತ್ತಿತ್ತ ತಿರುಗುತ್ತ ಆಡುತ್ತದೆ. ಕೊಡದಲ್ಲಿ ರಾಗಿ ತುಂಬಿದ್ದರೆ ಕೊಡದ ಜೊತೆ ರಾಗಿಯೂ ತಿರುಗಬೇಕು, ಆದ್ದರಿಂದ ಆಟ ನಿಧಾನ. ಅಷ್ಟೇ ತೂಕದ ನೀರು ತುಂಬಿದ್ದರೆ ಕೊಡ ತಿರುಗಿದರೂ ಒಳಗಿನ ನೀರಿನ ಬಹುಭಾಗ ಇದ್ದಲ್ಲೇ ಇರುತ್ತದೆ. ಹಗ್ಗಕ್ಕೆ ಹೊರೆ ಕಡಿಮೆಯಾಗಿ ಆಟ ಬೇಗ. ಆದ್ದರಿಂದ ಕೊಡದ ಬಾಯಿ ಮುಚ್ಚಿದ್ದರೂ, ಆಟದ ವೇಗವನ್ನು ಅಳೆದೇ ಒಳಗಿನ ವಸ್ತುವಿನಲ್ಲಿ ಎಷ್ಟು ಭಾಗ ಜೊತೆಗೆ ತಿರುಗುತ್ತಿದೆ, ಎಷ್ಟು ಭಾಗ ಹಿಂದುಳಿದಿದೆ ಎಂದು ಹೇಳಬಹುದು.

ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮೋಸೆಸ್ ಚಾನ್ ಮತ್ತು ಅವರ ಜೊತೆಗಿದ್ದ ಕೊರಿಯಾದ ಯುವ ವಿಜ್ಞಾನಿ ಉನ್‌ಸಿಯಾಂಗ್ ಕಿಮ್ ಇಂಥದೇ ಒಂದು ಸಾಧನವನ್ನು ಬಳಸಿದರು. ಅಲ್ಲಿ ಕೊಡದ ಬದಲು ಒಂದು ಪುಟ್ಟ ಡಬ್ಬಿ, ಹಗ್ಗದ ಬದಲು ಬೆರಿಲಿಯಂ–ತಾಮ್ರದ ಮಿಶ್ರಲೋಹದ ಸಣ್ಣ ಕಂಬಿ. ಡಬ್ಬಿಯೊಳಗೆ ವೈಕಾರ್ ಎಂಬ ಗಾಜಿನ ಬಿಲ್ಲೆ. ಈ ಗಾಜಿನ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಆ ರಂಧ್ರಗಳಲ್ಲಿ ಹೀಲಿಯಂ ಅನ್ನು ಒತ್ತಡದಿಂದ ತುಂಬಿ ಘನವಾಗಿಸಿದರು. ಡಬ್ಬಿ ಸೆಕೆಂಡಿಗೆ ಸುಮಾರು ಸಾವಿರ ಬಾರಿ ಅತ್ತಿತ್ತ ತಿರುಗುತ್ತಿತ್ತು. ತಾಪವನ್ನು ಇಳಿಸುತ್ತ ಸುಮಾರು 0.2 ಕೆಲ್ವಿನ್ ದಾಟಿದಾಗ ಆಟದ ಅವಧಿ ತಟಕ್ಕನೆ ಕಡಿಮೆಯಾಯಿತು. ಕಡಿಮೆಯಾದದ್ದು ಒಂದು ಸೆಕೆಂಡಿನ ನೂರು ಕೋಟಿ ಭಾಗಗಳಲ್ಲಿ ಕೆಲವು ಹತ್ತು ಭಾಗಗಳಷ್ಟೇ. ಆದರೆ ಆ ಸಾಧನ ಅದನ್ನು ಸ್ಪಷ್ಟವಾಗಿ ತೋರಿಸಿತು. ಒಳಗಿನ ಘನ ಹೀಲಿಯಂನ ಒಂದು ಸಣ್ಣ ಭಾಗ ಡಬ್ಬಿಯೊಂದಿಗೆ ತಿರುಗದೆ ಹಿಂದುಳಿದಂತೆ ಕಂಡಿತು.

2004ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಭಾಷೆ ಕಲಿಸುವವಳಾದ ನನ್ನ ಕಣ್ಣು ಆ ಲೇಖನದ ಶೀರ್ಷಿಕೆಯ ಮೇಲೆ ನಿಂತಿತು. ಅದರಲ್ಲಿ ‘ಸಂಭಾವ್ಯ’ ಎಂಬರ್ಥದ ಒಂದು ಪದವಿದೆ. ಕಂಡೆವು ಎಂದು ಬರೆಯಲಿಲ್ಲ, ಬಹುಶಃ ಕಂಡೆವು ಎಂದು ಬರೆದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇನ್ನೊಂದು ಲೇಖನ ಬಂತು. ಈ ಬಾರಿ ಗಾಜಿಲ್ಲದೆ, ಉಂಗುರದಾಕಾರದ ಜಾಗದಲ್ಲಿ ಬರಿಯ ಘನ ಹೀಲಿಯಂ ತುಂಬಿ ಪ್ರಯೋಗ ಮಾಡಿದ್ದರು. ಅದೇ ಫಲಿತಾಂಶ, ಹೀಲಿಯಂನಲ್ಲಿ ಸುಮಾರು ನೂರಕ್ಕೆ ಒಂದು ಭಾಗ ಹಿಂದುಳಿದಂತೆ. ಈ ಎರಡನೆಯ ಶೀರ್ಷಿಕೆಯಲ್ಲಿ ‘ಸಂಭಾವ್ಯ’ ಇರಲಿಲ್ಲ.

ಅವರು ಅವಸರಪಟ್ಟರೆಂದು ಯಾರೂ ಭಾವಿಸಬಾರದು. ಉಂಗುರದ ದಾರಿಗೆ ಅಡ್ಡಗೋಡೆ ಕಟ್ಟಿ ನೋಡಿದರು. ಹರಿವು ನಿಜವಾಗಿದ್ದರೆ ಗೋಡೆ ಅದನ್ನು ತಡೆಯಬೇಕು. ಪರಿಣಾಮ ಬಹುಮಟ್ಟಿಗೆ ಅಡಗಿತು. ಹೀಲಿಯಂ–4ರ ಬದಲು ಹೀಲಿಯಂ–3 ಎಂಬ ಇನ್ನೊಂದು ಬಗೆಯನ್ನು ತುಂಬಿ ನೋಡಿದರು. ಅದರ ಪರಮಾಣುಗಳು ಬೋಸರ ನಿಯಮಕ್ಕೆ ಒಳಪಡುವುದಿಲ್ಲ, ಆದ್ದರಿಂದ ಅಲ್ಲಿ ಪರಿಣಾಮ ಕಾಣಬಾರದು. ಕಾಣಲಿಲ್ಲ. ಮುಂದೆ ಅಮೆರಿಕ ಮತ್ತು ಜಪಾನಿನ ಬೇರೆ ಪ್ರಯೋಗಶಾಲೆಗಳೂ ಅದೇ ಬಗೆಯ ಸಾಧನದಲ್ಲಿ ಅದೇ ಬದಲಾವಣೆಯನ್ನು ಕಂಡವು. ಘನವೂ ಹೌದು, ಅತಿದ್ರವವೂ ಹೌದು ಎನ್ನುವ ಈ ಹೊಸ ಸ್ಥಿತಿಗೆ ಸೂಪರ್‌ಸಾಲಿಡ್ ಎಂಬ ಹೆಸರು ಎಲ್ಲೆಡೆ ಹಬ್ಬಿತು. ನಮ್ಮ ಮಾತಿನಲ್ಲಿ ಅತಿಘನ. ಇದು ನಿಲ್ಲುವುದಾದರೆ ದೊಡ್ಡ ಬಹುಮಾನಗಳಿಗೆ ಅರ್ಹವಾದ ಕೆಲಸವೆಂದು ಅನೇಕರು ನಂಬಿದ್ದರು.

ಇನ್ನು ಮುಂದಿನದು ಈ ಕಥೆಯ ಮುಖ್ಯ ಭಾಗ.

ಹಗ್ಗದಲ್ಲಿ ತೂಗಿದ ಕೊಡಕ್ಕೆ ಮತ್ತೆ ಬನ್ನಿ. ಕೊಡದ ಆಟ ಬೇಗವಾಗಲು ಹೊರೆ ಕಡಿಮೆಯಾಗುವುದು ಒಂದು ಕಾರಣ. ಇನ್ನೊಂದು ಕಾರಣವೂ ಇರಬಹುದಲ್ಲವೇ? ಹಗ್ಗ ತೆಗೆದು ಬಿಗಿಯಾದ ತಂತಿ ಕಟ್ಟಿದರೂ ಆಟ ಬೇಗವಾಗುತ್ತದೆ. ಹೊರಗೆ ನಿಂತು ಆಟದ ವೇಗವನ್ನಷ್ಟೇ ಅಳೆಯುವವನಿಗೆ ಎರಡೂ ಒಂದೇ ತೆರ ಕಾಣುತ್ತವೆ. ಹೊರೆ ಹಗುರವಾಯಿತೋ, ಕಟ್ಟು ಬಿಗಿಯಾಯಿತೋ?

ಈ ಸಂಶಯಕ್ಕೆ ಗಟ್ಟಿಯಾದ ಆಧಾರ ಸಿಕ್ಕಿದ್ದು ಕೆನಡಾದಲ್ಲಿ. 2007ರಲ್ಲಿ ಆಲ್ಬರ್ಟಾ ವಿಶ್ವವಿದ್ಯಾಲಯದ ಜೇಮ್ಸ್ ಡೇ ಮತ್ತು ಜಾನ್ ಬೀಮಿಷ್ ಅವರು ಘನ ಹೀಲಿಯಂ ಅನ್ನು ತಿರುಗಿಸುವ ಬದಲು, ಪಕ್ಕಕ್ಕೆ ಒತ್ತಿ ಅದರ ಬಿಗುವನ್ನು ಅಳೆದರು. ತಾಪ ಸುಮಾರು 0.2 ಕೆಲ್ವಿನ್‌ಗಿಂತ ಕೆಳಗಿಳಿದಾಗ ಘನ ಹೀಲಿಯಂ ಇದ್ದಕ್ಕಿದ್ದಂತೆ ಹೆಚ್ಚು ಬಿಗಿಯಾಯಿತು. ಚಾನ್ ಅವರ ಪ್ರಯೋಗದಲ್ಲಿ ಅವಧಿ ಇಳಿದ ತಾಪವೂ ಅದೇ. ಎರಡೂ ರೇಖೆಗಳನ್ನು ಪಕ್ಕಪಕ್ಕ ಇಟ್ಟರೆ ಒಂದರ ನೆರಳು ಇನ್ನೊಂದು ಎನ್ನುವಂತಿದ್ದವು.

ಏಕೆ ಬಿಗಿಯಾಗುತ್ತದೆ? ಇಲ್ಲಿ ಹಾಸಿರುವ ಜಮಖಾನೆಯನ್ನು ನೋಡಿ. ಇಡೀ ಜಮಖಾನೆಯನ್ನು ಎಳೆಯುವುದು ಕಷ್ಟ. ಆದರೆ ಅದರಲ್ಲೊಂದು ಸುಕ್ಕು ಎಬ್ಬಿಸಿ, ಆ ಸುಕ್ಕನ್ನು ತಳ್ಳುತ್ತ ಹೋದರೆ ಜಮಖಾನೆ ಸುಲಭವಾಗಿ ಜರುಗುತ್ತದೆ. ಸ್ಫಟಿಕಗಳಲ್ಲೂ ಪರಮಾಣುಗಳ ಸಾಲು ತಪ್ಪಿದ ಇಂಥ ಸುಕ್ಕುಗಳಿರುತ್ತವೆ. ಅವು ಓಡಾಡುವಾಗ ಸ್ಫಟಿಕ ಮೆತ್ತಗೆ ತೋರುತ್ತದೆ. ಸಾಮಾನ್ಯ ಹೀಲಿಯಂನಲ್ಲಿ ಹತ್ತು ಲಕ್ಷಕ್ಕೆ ಒಂದಕ್ಕಿಂತಲೂ ಕಡಿಮೆ ಪ್ರಮಾಣದಲ್ಲಿ ಹೀಲಿಯಂ–3 ಬೆರೆತಿರುತ್ತದೆ. ಬಹಳ ತಂಪಾದಾಗ ಆ ಕೆಲವೇ ಪರಮಾಣುಗಳು ಹೋಗಿ ಸುಕ್ಕುಗಳ ಮೇಲೆ ಕೂರುತ್ತವೆ. ಸುಕ್ಕಿನ ಮೇಲೆ ಕಲ್ಲಿಟ್ಟಂತಾಗಿ ಅದರ ಓಡಾಟ ನಿಲ್ಲುತ್ತದೆ, ಸ್ಫಟಿಕ ಬಿಗಿಯಾಗುತ್ತದೆ. ಡಬ್ಬಿಯ ಒಳಗಿನ ಹೀಲಿಯಂ ಬಿಗಿಯಾದರೆ ಇಡೀ ಸಾಧನವೇ ಒಂದಿಷ್ಟು ಬಿಗಿಯಾಗಿ, ಆಟ ಬೇಗವಾಗುತ್ತದೆ.

ಸಂಶಯಪಟ್ಟವರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಜಾನ್ ರೆಪ್ಪಿ ಅವರೂ ಒಬ್ಬರು. ಅವರು ಚಾನ್ ಅವರ ಗುರುಗಳು. ಚಾನ್ ಪಿಎಚ್.ಡಿ. ಮಾಡಿದ್ದು ಅವರ ಬಳಿಯಲ್ಲೇ. ರೆಪ್ಪಿಯವರು ತಮ್ಮ ವಿದ್ಯಾರ್ಥಿನಿಯೊಬ್ಬರೊಂದಿಗೆ ಪ್ರಯೋಗವನ್ನು ಮತ್ತೆ ಮಾಡಿ, ಮೊದಲು ಅದೇ ಬದಲಾವಣೆಯನ್ನು ಕಂಡರು. ಆದರೆ ಸ್ಫಟಿಕವನ್ನು ನಿಧಾನವಾಗಿ ಹದಗೊಳಿಸಿ ಅದರ ದೋಷಗಳನ್ನು ಕಡಿಮೆ ಮಾಡಿದಾಗ ಪರಿಣಾಮ ಕುಗ್ಗುವುದನ್ನೂ ಕಂಡರು. 2010ರಲ್ಲಿ, ಈ ಬದಲಾವಣೆಗೆ ಅತಿದ್ರವತೆ ಕಾರಣವಲ್ಲವೆಂದು ಅವರು ಬರೆದರು. ಶಿಷ್ಯನ ಕೀರ್ತಿ ಏರುತ್ತಿದ್ದಾಗ ಗುರು ಅದನ್ನು ಒರೆಗೆ ಹಚ್ಚಿದರು.

ಈಗ ಚಾನ್ ಅವರ ಮುಂದೆ ಎರಡು ದಾರಿಗಳಿದ್ದವು. ಅವರ ಮೊದಲ ಪ್ರಯೋಗ ನಡೆದದ್ದು ವೈಕಾರ್ ಗಾಜಿನ ರಂಧ್ರಗಳಲ್ಲಿ. ಅಷ್ಟು ಸಣ್ಣ ರಂಧ್ರಗಳಲ್ಲಿ ಈ ಬಿಗಿಯಾಗುವ ವಿವರಣೆ ಅನ್ವಯಿಸುವುದಿಲ್ಲ ಎಂದು ವಾದಿಸುತ್ತ ಕೂರಬಹುದಿತ್ತು. ಆದರೆ ಅವರು ತಮ್ಮ ಹಳೆಯ ಸಾಧನವನ್ನೇ ಅನುಮಾನದಿಂದ ನೋಡಿದರು. ಅದರ ರಚನೆಯಲ್ಲಿ ಗಾಜಿನ ಬಿಲ್ಲೆಯ ಹೊರಗೆ, ಡಬ್ಬಿಯೊಳಗೆ, ಸ್ವಲ್ಪ ಘನ ಹೀಲಿಯಂ ಸೇರಿಕೊಳ್ಳುವುದು ಅನಿವಾರ್ಯವಾಗಿತ್ತು. ಆ ಚೂರು ಹೀಲಿಯಂ ಬಿಗಿಯಾಗಿಯೇ ಎಲ್ಲವೂ ಆಗಿರಬಹುದೇ? ಅದನ್ನು ತಿಳಿಯಲು ಹೊಸ ಸಾಧನ ಕಟ್ಟಿದರು. ಲೋಹದ ಡಬ್ಬಿಯನ್ನು ಬಿಟ್ಟು ಗಾಜಿಗೇ ನೇರವಾಗಿ ತೆಳ್ಳಗೆ ಎಪಾಕ್ಸಿ ಅಂಟು ಬಳಿದರು. ರಂಧ್ರಗಳ ಹೊರಗೆ ಹೀಲಿಯಂ ನಿಲ್ಲಲು ಎಡೆಯೇ ಇಲ್ಲದಂತೆ ಮಾಡಿದರು. ಈ ಬಾರಿ ಜೊತೆಗಿದ್ದವರು ಡಕ್ ಯಂಗ್ ಕಿಮ್ ಎಂಬ ಇನ್ನೊಬ್ಬ ಸಂಶೋಧಕರು. ಹೆಸರಿನಲ್ಲಿ ಹೋಲಿಕೆಯಿದ್ದರೂ ಇವರು ಮೊದಲಿನ ಕಿಮ್ ಅಲ್ಲ.

ತಾಪ ಇಳಿಸಿದರು. 0.2 ಕೆಲ್ವಿನ್ ದಾಟಿದರು. ಅವಧಿ ಇಳಿಯಲಿಲ್ಲ.

2012ರ ಅಕ್ಟೋಬರಿನಲ್ಲಿ ಅವರು ಅದನ್ನು ಪ್ರಕಟಿಸಿದರು. ವೈಕಾರ್ ಗಾಜಿನೊಳಗಿನ ಘನ ಹೀಲಿಯಂನಲ್ಲಿ ಅತಿಘನ ಸ್ಥಿತಿ ಇಲ್ಲವೆಂದು ಶೀರ್ಷಿಕೆಯಲ್ಲೇ ಹೇಳಿದರು. ಲೇಖನದ ಆರಂಭದಲ್ಲೇ ತಮ್ಮ 2004ರ ಪ್ರಯೋಗವನ್ನು ಹೆಸರಿಸಿ, ಅದರಲ್ಲಿ ಎಲ್ಲಿ ತೊಡಕಿತ್ತೆಂದು ವಿವರಿಸಿದರು. ಎಂಟು ವರ್ಷಗಳ ಕಾಲ ಜಗತ್ತಿನ ಅನೇಕ ಪ್ರಯೋಗಶಾಲೆಗಳನ್ನು ತೊಡಗಿಸಿದ್ದ ತಮ್ಮದೇ ಘೋಷಣೆಯನ್ನು ಅದನ್ನು ಘೋಷಿಸಿದವರೇ ಹಿಂದಕ್ಕೆ ತೆಗೆದುಕೊಂಡರು.

ಇಲ್ಲಿ ಮಕ್ಕಳು ಒಂದು ಭೇದವನ್ನು ತಿಳಿಯಬೇಕು. 2004ರ ಅಳತೆ ಸುಳ್ಳಾಗಿರಲಿಲ್ಲ. ಅವಧಿ ನಿಜವಾಗಿಯೂ ಇಳಿದಿತ್ತು, ಬೇರೆಯವರೂ ಅದನ್ನು ಕಂಡಿದ್ದರು. ಅಳತೆಗೆ ಕೊಟ್ಟ ಅರ್ಥ ತಪ್ಪಾಗಿತ್ತು. ಕಂಡದ್ದು ಒಂದು, ಕಂಡದ್ದಕ್ಕೆ ನಾವು ಹೇಳುವ ಕಾರಣ ಇನ್ನೊಂದು. ನಮ್ಮ ಮನೆಯ ಜಗಳಗಳಲ್ಲೂ ಊರಿನ ವ್ಯಾಜ್ಯಗಳಲ್ಲೂ ಈ ಭೇದವನ್ನು ನೆನಪಿಟ್ಟರೆ ಎಷ್ಟೋ ಕಹಿ ಕಡಿಮೆಯಾದೀತು.

ಆ ಎಂಟು ವರ್ಷಗಳ ಶ್ರಮ ವ್ಯರ್ಥವಾಯಿತೇ ಎಂದು ತಾವು ಕೇಳಬಹುದು. ವ್ಯರ್ಥವಾಗಲಿಲ್ಲ. ಸ್ಫಟಿಕದ ಸುಕ್ಕುಗಳು ಹೇಗೆ ಚಲಿಸುತ್ತವೆಂಬ ವಿಷಯದಲ್ಲಿ ಹೊಸ ತಿಳಿವಳಿಕೆ ಬಂತು. ಪ್ಯಾರಿಸ್ಸಿನಲ್ಲಿ ಸೆಬಾಸ್ಟಿಯನ್ ಬಾಲಿಬಾರ್ ಅವರ ತಂಡ, ಬಹು ಶುದ್ಧವಾದ ಹೀಲಿಯಂ ಸ್ಫಟಿಕವು ಕೆಲವು ದಿಕ್ಕುಗಳಲ್ಲಿ ಒತ್ತಿದರೆ ಬಹುಮಟ್ಟಿಗೆ ತಡೆಯೇ ಇಲ್ಲದಂತೆ ಬಾಗುತ್ತದೆಂದು ತೋರಿಸಿತು. ಅತಿಘನದ ಕಲ್ಪನೆಯೂ ಸಾಯಲಿಲ್ಲ. 2019ರಲ್ಲಿ ಇಟಲಿಯ ಪೀಸಾ, ಜರ್ಮನಿಯ ಸ್ಟುಟ್‌ಗಾರ್ಟ್, ಆಸ್ಟ್ರಿಯಾದ ಇನ್ಸ್‌ಬ್ರುಕ್ ನಗರಗಳ ಪ್ರಯೋಗಶಾಲೆಗಳು ಅತಿ ತಂಪಾದ, ಕಾಂತಗುಣವುಳ್ಳ ಪರಮಾಣುಗಳ ಅನಿಲದಲ್ಲಿ ಅಂಥ ಸ್ಥಿತಿಯ ಲಕ್ಷಣಗಳನ್ನು ಕಂಡವು. ಹುಡುಕಿದ್ದು ಹೀಲಿಯಂನಲ್ಲಿ, ಸಿಕ್ಕಿದ್ದು ಬೇರೆಡೆ. ಹೀಲಿಯಂನಲ್ಲಿ ಇಲ್ಲವೆಂದು ಪ್ರಾಮಾಣಿಕವಾಗಿ ಹೇಳಿದ್ದರಿಂದಲೇ ಬೇರೆಡೆ ಸಿಕ್ಕಿದ್ದನ್ನು ನಂಬುವಾಗ ಹೇಗೆ ಎಚ್ಚರವಾಗಿರಬೇಕೆಂಬುದೂ ತಿಳಿಯಿತು.

ನಾನು ಈ ಭಾಷಣಕ್ಕೆ ಒಪ್ಪಿದ ಎರಡನೆಯ ಕಾರಣವನ್ನು ಈಗ ಹೇಳಬೇಕು.

ಇಪ್ಪತ್ತು ವರ್ಷಗಳಿಗೂ ಹಿಂದಿನ ಮಾತು. ನಾನಿನ್ನೂ ಈ ಶಾಲೆಯಲ್ಲಿ ಕನ್ನಡ ಅಧ್ಯಾಪಕಿ. ವಿಜ್ಞಾನದ ಹುದ್ದೆ ಖಾಲಿ ಬಿದ್ದಿತ್ತು. ಕನ್ನಡದಲ್ಲಿ ವಿಜ್ಞಾನ ಕಲಿಸುವವರು ಸಿಗುವುದು ಈ ಗಡಿಯಾಚೆ ಎಷ್ಟು ಕಷ್ಟವೆಂದು ತಮಗೆ ಗೊತ್ತು. ಕೆಲವು ತಿಂಗಳು ಒಂಬತ್ತನೆಯ ತರಗತಿಯ ವಿಜ್ಞಾನವನ್ನೂ ನಾನೇ ನೋಡಿಕೊಂಡೆ. ದ್ರವ್ಯದ ಮೂರು ಸ್ಥಿತಿಗಳ ಪಾಠ. ಯಾವ ದ್ರವವನ್ನಾದರೂ ಸಾಕಷ್ಟು ತಂಪುಮಾಡಿದರೆ ಘನವಾಗುತ್ತದೆ ಎಂದು ಕಪ್ಪು ಹಲಗೆಯ ಮೇಲೆ ಬರೆದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತ.

“ಟೀಚರ್, ಹೀಲಿಯಂ ಎಷ್ಟು ತಂಪು ಮಾಡಿದರೂ ಗಟ್ಟಿ ಆಗೋದಿಲ್ಲವಂತೆ. ಲೈಬ್ರರಿ ಪುಸ್ತಕದಲ್ಲಿ ಇದೆ” ಎಂದ.

ನನಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವುದಕ್ಕೆ ನಾಚಿಕೆಯಾಯಿತು. “ಪಾಠದ ಪುಸ್ತಕದಲ್ಲಿ ಇರುವುದನ್ನು ಓದಪ್ಪಾ. ಗೊತ್ತಿಲ್ಲದ್ದನ್ನು ಹೇಳಬೇಡ, ಕೂತುಕೊ” ಎಂದೆ. ತರಗತಿ ನಕ್ಕಿತು. ಅವನು ಕೂತ.

ಆ ವರ್ಷದ ಬೇಸಿಗೆಯಲ್ಲಿ ಗ್ರಂಥಾಲಯದ ಪುಸ್ತಕಗಳನ್ನು ಜೋಡಿಸುತ್ತಿದ್ದಾಗ ಆ ಪುಸ್ತಕವೇ ನನ್ನ ಕೈಗೆ ಬಂತು. ಅವನು ಹೇಳಿದ್ದು ಸರಿಯಾಗಿತ್ತು. ಒತ್ತಡ ಹೇರದಿದ್ದರೆ ಹೀಲಿಯಂ ಘನವಾಗುವುದಿಲ್ಲ. ಶಾಲೆ ತೆರೆದ ಮೇಲೆ ಅವನು ಹತ್ತನೆಯ ತರಗತಿಯಲ್ಲಿದ್ದ. ದಿನವೂ ವರಾಂಡದಲ್ಲಿ ಎದುರಾಗುತ್ತಿದ್ದ. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಹೇಳಲಿಲ್ಲ. ಅಷ್ಟು ಸಣ್ಣ ವಿಷಯ, ಅವನು ಮರೆತಿರುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಆ ಹುಡುಗ ನನ್ನ ತರಗತಿಯಲ್ಲಿ ಮತ್ತೆಂದೂ ಕೈಯೆತ್ತಲಿಲ್ಲ ಎಂಬುದನ್ನು ನಾನು ಗಮನಿಸಿದ್ದೆ.

ಮುಂದೆ ಎಷ್ಟೋ ವರ್ಷಗಳಾದ ಮೇಲೆ ಚಾನ್ ಅವರ ಈ ಕಥೆಯನ್ನು ಓದಿದಾಗ ನನಗೆ ಆ ವರಾಂಡ ನೆನಪಾಯಿತು. ಜಗತ್ತಿನೆದುರು ಹೇಳಿದ್ದನ್ನು ಜಗತ್ತಿನೆದುರೇ ತಿದ್ದಲು ಒಬ್ಬ ದೊಡ್ಡ ವಿಜ್ಞಾನಿಗೆ ಸಾಧ್ಯವಾಯಿತು. ನಲವತ್ತು ಮಕ್ಕಳೆದುರು ಹೇಳಿದ್ದನ್ನು ತಿದ್ದಲು ನನ್ನಿಂದ ಆಗಲಿಲ್ಲ. ಆ ವಿದ್ಯಾರ್ಥಿ ಇಂದು ಈ ಸಭೆಯಲ್ಲಿರುವನೋ ಇಲ್ಲವೋ ನಾನರಿಯೆ. ಇದ್ದರೆ ಕೇಳಲಿ, ಇಲ್ಲದಿದ್ದರೆ ಈ ಸ್ಮರಣ ಸಂಚಿಕೆಯಲ್ಲಿ ಓದಲಿ: ಅಪ್ಪಾ, ಅಂದು ನೀನು ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು. ಅದು ತಿಳಿದ ಮೇಲೂ ಹೇಳದೆ ಇದ್ದದ್ದು ಇನ್ನೂ ದೊಡ್ಡ ತಪ್ಪು.

ನಮ್ಮ ಹಳೆಯ ಕನ್ನಡ ಪುಸ್ತಕಗಳ ಕೊನೆಯಲ್ಲಿ ‘ತಪ್ಪು–ಒಪ್ಪು’ ಎಂಬ ಒಂದು ಪಟ್ಟಿ ಇರುತ್ತಿತ್ತು. ಎಡಗಡೆ ತಪ್ಪು, ಬಲಗಡೆ ಒಪ್ಪು. ಆ ಪಟ್ಟಿ ಇದೆಯೆಂದು ಯಾರೂ ಪುಸ್ತಕವನ್ನು ಕೀಳಾಗಿ ಕಾಣುತ್ತಿರಲಿಲ್ಲ. ಓದುಗರ ಬಗ್ಗೆ ಗೌರವವಿದ್ದ ಮುದ್ರಕರು ಅದನ್ನು ಅಚ್ಚುಹಾಕುತ್ತಿದ್ದರು. ಶಾಲೆಯ ನೂರನೆಯ ವರ್ಷದಲ್ಲಿ ಅದನ್ನು ನಾವು ಮತ್ತೆ ಆರಂಭಿಸೋಣ ಎಂಬುದು ನನ್ನ ಕೋರಿಕೆ. ಬರುವ ಶೈಕ್ಷಣಿಕ ವರ್ಷದಿಂದ ಪ್ರತಿ ಶನಿವಾರದ ಪ್ರಾರ್ಥನಾ ಸಭೆಯಲ್ಲಿ, ಆ ವಾರ ಪಾಠದಲ್ಲಿ ತಪ್ಪಾಗಿ ಹೇಳಿದ್ದನ್ನು ಅಧ್ಯಾಪಕರೇ ತಿದ್ದಿ ಹೇಳುವ ಪದ್ಧತಿಯನ್ನು ಇಡಬೇಕೆಂದಿದ್ದೇನೆ. ಮೊದಲ ಶನಿವಾರ ನನ್ನದೇ.

ಪೋಷಕರಲ್ಲಿ ಒಂದು ವಿನಂತಿ. ಮಗು ಮನೆಗೆ ಬಂದು “ಟೀಚರ್ ಹೇಳಿದ್ದು ತಪ್ಪು ಅನಿಸುತ್ತೆ” ಎಂದರೆ ಗದರಬೇಡಿ. “ಎಲ್ಲಿ ಓದಿದೆ, ತೋರಿಸು” ಎನ್ನಿ. ಪುಸ್ತಕದೊಂದಿಗೆ ಶಾಲೆಗೆ ಕಳಿಸಿ. ಅದು ಮಗುವಿನ ತಪ್ಪಾಗಿದ್ದರೆ ನಾವು ತಿಳಿಸಿ ಹೇಳುತ್ತೇವೆ. ನಮ್ಮ ತಪ್ಪಾಗಿದ್ದರೆ ತಿದ್ದಿಕೊಳ್ಳುತ್ತೇವೆ.

ಹಳೆಯ ವಿದ್ಯಾರ್ಥಿಗಳಲ್ಲಿ ಇನ್ನೊಂದು ವಿನಂತಿ. ಆ ಹುಡುಗನಿಗೆ ಹೀಲಿಯಂ ವಿಷಯ ಸಿಕ್ಕಿದ್ದು ನಮ್ಮ ಗ್ರಂಥಾಲಯದ ಒಂದು ಕನ್ನಡ ಪುಸ್ತಕದಲ್ಲಿ. ಅವನ ಭಾಷೆಯಲ್ಲಿ ಆ ಪುಸ್ತಕ ಇದ್ದದ್ದರಿಂದಲೇ ಅವನಿಗೆ ಅಧ್ಯಾಪಕಿಯನ್ನು ಪ್ರಶ್ನಿಸುವ ಧೈರ್ಯ ಬಂತು. ಕನ್ನಡದಲ್ಲಿ ವಿಜ್ಞಾನ ಆಗುವುದಿಲ್ಲ ಎನ್ನುವವರಿಗೆ ನಾನು ಬೇರೆ ಉತ್ತರ ಹುಡುಕುವುದಿಲ್ಲ. ತಾವು ಶಾಲೆಗೆ ಏನಾದರೂ ಕೊಡಬೇಕೆಂದಿದ್ದರೆ ಗ್ರಂಥಾಲಯಕ್ಕೆ ಅಂಥ ನಾಲ್ಕು ಪುಸ್ತಕಗಳನ್ನು ಕೊಡಿ.

ನೂರು ವರ್ಷಗಳ ಹಿಂದೆ ಹೀಲಿಯಂ ಘನವಾದಾಗ ಅದರಲ್ಲಿ ಇಷ್ಟೆಲ್ಲ ಪ್ರಶ್ನೆಗಳಿವೆಯೆಂದು ಕೇಸೊಮ್ ಅವರಿಗೆ ಗೊತ್ತಿರಲಿಲ್ಲ. ಅದೇ ವರ್ಷ ಇಲ್ಲಿ ಶಾಲೆ ತೆರೆದ ಹಿರಿಯರಿಗೂ ಮುಂದಿನದು ಗೊತ್ತಿರಲಿಲ್ಲ. ಅವರು ತಮ್ಮ ಕೆಲಸ ಮಾಡಿ ಉಳಿದದ್ದನ್ನು ನಮಗೆ ಬಿಟ್ಟರು. ತಿದ್ದಬೇಕಾದದ್ದನ್ನು ತಿದ್ದುತ್ತ ನಾವು ಮುಂದುವರಿಸೋಣ.